ನಿಲ್ಲದ ಕಾರು, ಮುಗಿಯದ ರಸ್ತೆ: ಬೀದಿಯಲ್ಲೇ ನಿಂತು ಚಿತ್ರ ಬರೆದ ನನ್ನ ಅನುಭವ

ಓಡುವ ಟ್ರಾಫಿಕ್ಕನ್ನು ರಸ್ತೆ ಬದಿಯಲ್ಲೇ ನಿಂತು, ಫೋಟೋ ಇಲ್ಲದೆ, ಎಣ್ಣೆ ಬಣ್ಣದಲ್ಲಿ ಬರೆಯಬಹುದು. ಆಗುವುದಿಲ್ಲ ಎಂದವರು ಬಹಳ ಜನ. ಅವರಲ್ಲಿ ಇಬ್ಬರು ಈಗ ನನ್ನ ಪಕ್ಕದಲ್ಲೇ ಬೋರ್ಡು ನಿಲ್ಲಿಸುವ ಈಸಲ್ ಹಾಕಿಕೊಂಡು ನಿಲ್ಲುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬ್ರಷ್ ಹಿಡಿಯುವುದು, ಬೋರ್ಡಿಗೆ ಪ್ರೈಮರ್ ಬಳಿಯುವುದು, ತೆಳು ಬಣ್ಣದ ಮೇಲೆ ದಪ್ಪ ಬಣ್ಣ, ಇದೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಜನ ಹೇಳುತ್ತಿದ್ದ ಮಾತು ಮೂರು. ಕಾರು ನಿಮಗೋಸ್ಕರ ಕಾಯುವುದಿಲ್ಲ. ಅಗೆದ ರಸ್ತೆಯ ಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಅಷ್ಟಕ್ಕೂ ಮೊಬೈಲ್ ಇದೆಯಲ್ಲ, ಒಂದು ಫೋಟೋ ಹೊಡೆದು ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಬರೆಯಬಾರದಾ?

ಮೂರನೆಯದನ್ನು ಮೊದಲು ಮಾಡಿ ನೋಡಿದೆ, ಯಾಕೆಂದರೆ ಅದೇ ಸುಲಭ ಅಲ್ವಾ. ಒಂದು ಮಳೆಗಾಲ ಪೂರ್ತಿ ಫೋಟೋ ನೋಡಿ ಬರೆದೆ. ಎಲ್ಲ ಚಿತ್ರದಲ್ಲೂ ಒಂದೇ ಕಾಯಿಲೆ. ಶಟರ್ ವೇಗ ಜಾಸ್ತಿ ಇದ್ದರೆ ಅರವತ್ತರಲ್ಲಿ ಓಡುವ ಕಾರೂ ಪಾರ್ಕ್ ಮಾಡಿದ ಹಾಗೆ ಕಾಣುತ್ತದೆ. ಕಡಿಮೆ ಇಟ್ಟರೆ ಕೆಂಪು ಗೆರೆ, ಬಿಳಿ ಗೆರೆ, ಎಲ್ಲ ಕ್ಯಾಲೆಂಡರಿನಲ್ಲೂ ಇರುವ ಅದೇ ಗೆರೆಗಳು. ಮೊಬೈಲಿನ ಅಗಲ ಲೆನ್ಸಿನಲ್ಲಿ ಹತ್ತಿರದ ಕಾರಿನ ಮೂತಿ ಊದಿಕೊಳ್ಳುತ್ತದೆ, ದೂರದ್ದು ಇರುವೆಯಷ್ಟಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಾರಿನ ಕೆಳಗಿನ ನೆರಳು. ಕ್ಯಾಮೆರಾ ಅದನ್ನು ಒಂದು ಕಪ್ಪು ತೂತು ಮಾಡಿಬಿಡುತ್ತದೆ. ಕಣ್ಣಿಗೆ ಅಲ್ಲಿ ನೀಲಿ ಇದೆ, ಕಂದು ಇದೆ, ಆಚೆ ಬದಿಯ ಬೆಳಕಿನ ಒಂದು ಸಣ್ಣ ಸೀಳು ಕೂಡ ಇದೆ. ಅಮೆರಿಕದ ಚಿತ್ರಕಾರರಾದ ರಿಚರ್ಡ್ ಎಸ್ಟೆಸ್, ರಾಬರ್ಟ್ ಬೆಕ್ಟಲ್ ಫೋಟೋ ಇಟ್ಟುಕೊಂಡೇ ಅದ್ಭುತ ಮಾಡಿದರು ಎಂದು ವಾದ ಹೂಡುವವರಿಗೆ ನನ್ನ ಉತ್ತರ ಇಷ್ಟೇ: ಬೆಕ್ಟಲ್ ಅವರ ಕಾರುಗಳು ಮನೆ ಮುಂದೆ ನಿಂತ ಕಾರುಗಳು, ಎಸ್ಟೆಸ್ ಅವರದು ಗಾಜಿನ ಮೇಲಿನ ಪ್ರತಿಬಿಂಬ. ನಿಂತದ್ದಕ್ಕೆ ಫೋಟೋ ಸರಿ. ನನಗೆ ಬೇಕಾಗಿದ್ದದ್ದು ಸಿಗ್ನಲ್ ಬಿಟ್ಟ ಕ್ಷಣ.

ಆಮೇಲೆ ನೆನಪಿನಿಂದ ಬರೆಯುವುದು. ನೋಡು, ಕಣ್ಣು ಮುಚ್ಚು, ಬರೆ. ಮರ, ಮನುಷ್ಯರ ಮಟ್ಟಿಗೆ ಇದು ನಡೆಯುತ್ತದೆ. ಕಾರಿನ ಮಟ್ಟಿಗೆ ಕೈ ಕೊಡುತ್ತದೆ, ಯಾಕೆಂದರೆ ಕಾರಿನ ಆಕಾರ ನಮಗೆ ಮೊದಲೇ ಗೊತ್ತು ಎಂದು ತಲೆ ಅಂದುಕೊಂಡಿರುತ್ತದೆ. ಕೈ ಹೋಗಿ ಆಟದ ಕಾರನ್ನೇ ಬರೆಯುತ್ತದೆ. ಎರಡು ಚಕ್ರ, ಮೇಲೊಂದು ಡಬ್ಬಿ. ಇಟಲಿಯ ಚಿತ್ರಕಾರ ಜಿಯಾಕೊಮೊ ಬಲ್ಲಾ 1913ರ ಹೊತ್ತಿಗೆ ಓಡುವ ಕಾರನ್ನು ಕಾರೇ ಇಲ್ಲದೆ ಬರೀ ಬಾಗಿದ ಗೆರೆಗಳಲ್ಲಿ, ತ್ರಿಕೋನಗಳಲ್ಲಿ ಬರೆದಿದ್ದರು. ಅದನ್ನೂ ಒಂದು ನಾಲ್ಕೈದು ಬೋರ್ಡಿನಲ್ಲಿ ಪ್ರಯತ್ನಿಸಿದೆ. ನೋಡಲು ಚೆನ್ನಾಗಿಯೇ ಇದ್ದವು, ಆದರೆ ನೂರು ವರ್ಷ ಹಳೆಯ ಚಿತ್ರದ ಹಾಗೆ ಇದ್ದವು. ಆಗ ಕಾರು ಅಂದರೆ ವೇಗ. ಈಗ ನಗರದಲ್ಲಿ ಕಾರು ಅಂದರೆ ಹೆಚ್ಚು ಪಾಲು ಕಾಯುವುದು. ಈ ಒಂದು ವಿಷಯ ತಲೆಗೆ ಹೋಗಲು ನನಗೆ ಸುಮಾರು ಎರಡು ವರ್ಷ, ಮೂವತ್ತು ಚಿಲ್ಲರೆ ಬೋರ್ಡು, ಎರಡು ದೊಡ್ಡ ಬಿಳಿ ಟ್ಯೂಬಿನ ಬೆಲೆಯ ಬಣ್ಣ ಬೇಕಾಯಿತು.

ದಾರಿ ಸಿಕ್ಕಿದ್ದು ಸಿಗ್ನಲ್ಲಿನಲ್ಲಿ.

ಸಿಗ್ನಲ್ ಅಂದರೆ ಒಂದು ಸುತ್ತು. ದೊಡ್ಡ ಜಂಕ್ಷನ್ನಿನಲ್ಲಿ ಒಂದೂವರೆ ಎರಡು ನಿಮಿಷಕ್ಕೊಮ್ಮೆ ಅದೇ ಕೆಂಪು, ಅದೇ ಹಸಿರು. ಕೆಂಪು ಬಿದ್ದಾಗ ಮೊದಲ ಕಾರು ಬಂದು ನಿಲ್ಲುವುದು ಅದೇ ಬಿಳಿ ಗೆರೆಯ ಹಿಂದೆ. ಹಸಿರು ಬಿಟ್ಟರೆ ಅದು ಹೋಯಿತು. ಮುಂದಿನ ಕೆಂಪಿಗೆ ಬೇರೆ ಕಾರು, ಜಾಗ ಅದೇ. ರೈಲಿನ ಕಿಟಕಿ ಸೀಟಿನ ಹಾಗೆ, ಕೂರುವವರು ಬದಲಾಗುತ್ತಾರೆ, ಸೀಟು ಅಲ್ಲೇ ಇರುತ್ತದೆ. ನಾನು ಸೀಟನ್ನು ಬರೆಯಲು ಶುರು ಮಾಡಿದೆ. ಒಂದು ಸುತ್ತಿನ ಕಾರಿನ ನೆರಳು, ಮುಂದಿನದರ ಗಾಜು, ಅದರ ಮುಂದಿನದರ ಛಾವಣಿ ಮೇಲಿನ ಬೆಳಕು. ಹತ್ತು ಹನ್ನೆರಡು ಸುತ್ತು ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲೆ ಒಂದು ಕಾರು ನಿಂತಿರುತ್ತದೆ. ಆ ಕಾರು ಯಾವ ಕಂಪನಿಯೂ ಮಾಡಿದ್ದಲ್ಲ. ಆದರೆ ನೋಡಿದವರು ಯಾರೂ ಇದುವರೆಗೆ ಅನುಮಾನಪಟ್ಟಿಲ್ಲ, ಕಾರು ಮೆಕ್ಯಾನಿಕ್ ಒಬ್ಬರನ್ನು ಬಿಟ್ಟು. ಅವರು ಹೆಡ್‌ಲೈಟು ಒಂದರದು, ಬಾನೆಟ್ಟು ಇನ್ನೊಂದರದು ಎಂದು ಹೇಳಿ ನಕ್ಕರು.

ಹಸಿರಿನ ಹೊತ್ತು ಸುಮ್ನೆ ನಿಲ್ಲುವುದಲ್ಲ. ಆಗ ರಸ್ತೆ ಬರೆಯಬೇಕು, ಕಟ್ಟಡ ಬರೆಯಬೇಕು. ಹಸಿರಿನ ಕೊನೆಯಲ್ಲಿ ಎಷ್ಟೋ ಸಲ ಐದಾರು ಸೆಕೆಂಡು ರಸ್ತೆ ಪೂರಾ ಖಾಲಿ ಸಿಗುತ್ತದೆ. ಆ ಖಾಲಿ ಡಾಂಬರಿನ ಬಣ್ಣವೇ ಇಡೀ ಚಿತ್ರದ ತಳ. ಅದನ್ನು ಹಿಡಿಯದೆ ಕಾರಿಗೆ ಕೈ ಹಾಕಿದರೆ ಕಾರು ಗಾಳಿಯಲ್ಲಿ ತೇಲುತ್ತದೆ. ಮುಂದಿನ ಸಾಲಿನ ಜಾಗ ಗಟ್ಟಿ, ಹಿಂದೆ ಹೋದ ಹಾಗೆ ಜಾಗ ಅಲ್ಲಾಡುತ್ತದೆ. ಒಂದು ಬಸ್ಸು ಬಂದರೆ ಹಿಂದಿನ ಲೆಕ್ಕ ಎಲ್ಲ ಕೆಟ್ಟಿತು. ಹಾಗಾಗಿ ಮೊದಲ ಎರಡು ಸಾಲು ಮಾತ್ರ ನೋಡಿ ಬರೆಯಿರಿ, ಹಿಂದಿನದನ್ನು ಬರೀ ಛಾವಣಿಗಳ ಮಿಂಚಾಗಿ ಬಿಡಿ.

ಇಲ್ಲದ ಕಾರನ್ನು ಬರೆಯುವುದು ಮೋಸ ಅಲ್ಲವಾ ಎಂದು ಒಬ್ಬ ಹಿರಿಯ ಕಲಾವಿದರು ಕೇಳಿದರು. ನಾನು ಹೇಳಿದ್ದು ಇಷ್ಟು: ಚಿತ್ರಕಾರ ಪಿಸ್ಸಾರೊ 1897ರಲ್ಲಿ ಪ್ಯಾರಿಸ್ಸಿನ ಒಂದು ಹೋಟೆಲ್ ಕಿಟಕಿಯಿಂದ ಮೊಂಮಾರ್ಟ್ರ್ ಬುಲೆವಾರ್ಡ್ ಎಂಬ ದೊಡ್ಡ ಬೀದಿಯನ್ನು ಹದಿನಾಲ್ಕು ಸಲ ಬರೆದರು. ಬಿಸಿಲು, ಮಂಜು, ರಾತ್ರಿ, ಎಲ್ಲ. ಅದರಲ್ಲಿ ಇರುವ ಕುದುರೆಗಾಡಿಗಳನ್ನು ಹತ್ತಿರ ಹೋಗಿ ನೋಡಿ, ಒಂದೊಂದಕ್ಕೆ ಒಂದಿಷ್ಟು ಬ್ರಷ್ ಏಟು, ಅಷ್ಟೇ. ಅದು ಯಾರ ಗಾಡಿ ಎಂದು ಯಾರೂ ಕೇಳಿಲ್ಲ. ಅವತ್ತಿನ ಟ್ರಾಫಿಕ್ ಅದು, ಇವತ್ತಿನದು ಇದು. ಹಿರಿಯರು ಒಪ್ಪಲಿಲ್ಲ, ಚಹಾ ಕುಡಿದು ಹೋದರು.

ಈಗ ಬಣ್ಣ. ಇಲ್ಲಿ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಯಾಕೆಂದರೆ ಬಹಳ ಜನ ಸೋಲುವುದು ಇಲ್ಲೇ.

ಡಾಂಬರು ಕಪ್ಪಲ್ಲ. ಹೊಸದಾಗಿ ಹಾಕಿದಾಗ ಮಾತ್ರ ಕಪ್ಪು, ಅದೂ ಸ್ವಲ್ಪ ಬೆಚ್ಚಗಿನ ಕಪ್ಪು. ಟೈರು ಓಡಿ ಓಡಿ ಮೇಲಿನ ಟಾರಿನ ಪದರ ಸವೆದು ಒಳಗಿನ ಜಲ್ಲಿ ಹೊರಗೆ ಬರುತ್ತದೆ, ಬಿಸಿಲಿಗೆ ಟಾರು ಕೂಡ ಮಾಸುತ್ತದೆ. ಆಮೇಲೆ ರಸ್ತೆಯ ಬಣ್ಣ ಅಂದರೆ ಹೆಚ್ಚು ಕಡಿಮೆ ಕಲ್ಲಿನ ಬಣ್ಣವೇ. ಟ್ಯೂಬಿನ ಕಪ್ಪನ್ನು ನಾನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಸಾಕು. ಹೊಸ ರಸ್ತೆಗೆ ಸಿಯೆನಾ ಒಂಚೂರು ಜಾಸ್ತಿ, ಮಳೆ ನಿಂತ ರಸ್ತೆಗೆ ನೀಲಿ ಜಾಸ್ತಿ, ಹಳೇ ರಸ್ತೆಗೆ ಬಿಳಿ ಮತ್ತು ಚೂರು ಓಕರ್, ಅಂದರೆ ಮಣ್ಣಿನ ಹಳದಿ.

ಒಂದು ಪರೀಕ್ಷೆ ಮಾಡಿ. ನೆರಳಿನ ಕಡೆ ತಿರುಗಿದ ಬಿಳಿ ಕಾರಿನ ಬದಿಯನ್ನೂ ಅದರ ಪಕ್ಕದಲ್ಲೇ ಬಿಸಿಲು ಬಿದ್ದ ಹಳೇ ಡಾಂಬರನ್ನೂ ಕಣ್ಣು ಅರೆ ಮುಚ್ಚಿ ನೋಡಿ. ಟೋನ್, ಅಂದರೆ ಎಷ್ಟು ಗಾಢ ಎಷ್ಟು ತಿಳಿ ಎನ್ನುವುದು, ಹತ್ತಿರ ಹತ್ತಿರ ಒಂದೇ. ಬಿಳಿ ಕಾರು ಎಂದು ಟೈಟಾನಿಯಂ ಬಿಳಿ ಮೆತ್ತಿದರೆ ಅಲ್ಲಿಗೆ ಚಿತ್ರ ಸತ್ತಿತು. ಟೈರು ಕೂಡ ಕಪ್ಪಲ್ಲ, ಧೂಳು ಹಿಡಿದ ಬೂದು. ಇಡೀ ಬೀದಿಯಲ್ಲಿ ಅತಿ ಗಾಢವಾದ ಜಾಗ ಕಾರಿನ ಹೊಟ್ಟೆಯ ಕೆಳಗೆ, ಮುಂದಿನ ಎರಡು ಟೈರುಗಳ ನಡುವೆ. ಅದನ್ನು ಮೊದಲು ಇಡಿ, ಉಳಿದದ್ದೆಲ್ಲ ಅದಕ್ಕಿಂತ ತಿಳಿ ಎಂದು ಅಳೆಯುತ್ತಾ ಹೋಗಿ. ಬಾಡಿ ಬಣ್ಣ ಕೊನೆಗೆ.

ಬಾಡಿ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವುದೂ ಬೇಡ. ಇವತ್ತು ಜಗತ್ತಿನಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮುಕ್ಕಾಲು ಪಾಲು ಬಿಳಿ, ಕಪ್ಪು, ಬೂದು ಅಥವಾ ಬೆಳ್ಳಿ. ಮನುಷ್ಯರು ಅಷ್ಟೊಂದು ದುಡ್ಡು ಕೊಟ್ಟು ಬಣ್ಣವೇ ಇಲ್ಲದ ವಸ್ತು ಕೊಳ್ಳುತ್ತಾರೆ, ಇದು ನನಗೆ ಇನ್ನೂ ಅರ್ಥವಾಗಿಲ್ಲ. ಬರೆಯುವವರಿಗೆ ಮಾತ್ರ ಇದು ಲಾಭ. ಬೀದಿ ಪೂರ್ತಿ ಬೂದು ಇರುವಾಗ ಒಂದು ಬ್ರೇಕ್ ಲೈಟು, ಒಂದು ಹೆಲ್ಮೆಟ್ಟು, ಒಂದು ರಸ್ತೆ ಕೋನು ಸಾಕು, ಚಿತ್ರ ಎದ್ದು ಕೂರುತ್ತದೆ. ಅದೇ ಕಾರಣಕ್ಕೆ ರಸ್ತೆ ಕೆಲಸ ನಡೆಯುವ ಜಾಗ ನನಗೆ ಅಷ್ಟು ಇಷ್ಟ. ಹಳದಿ ಯಂತ್ರ, ಕಿತ್ತಳೆ ಜಾಕೆಟ್ಟು, ಅಗೆದ ಕೆಂಪು ಮಣ್ಣು. ನಗರದ ಚರ್ಮ ಬೂದು, ಹರಿದರೆ ಒಳಗೆ ಬಣ್ಣ.

ಕೋನಿನ ಕಿತ್ತಳೆ ಬಗ್ಗೆ ಒಂದು ಮಾತು. ಅದು ಫ್ಲೋರೆಸೆಂಟ್, ನಮ್ಮ ಯಾವ ಟ್ಯೂಬಿನಿಂದಲೂ ಅದನ್ನು ಮುಟ್ಟಲು ಆಗುವುದಿಲ್ಲ. ಫ್ಲೋರೆಸೆಂಟ್ ಬಣ್ಣವನ್ನೇ ತಂದು ಹಾಕಿ ನೋಡಿದೆ. ಕಿಟಕಿ ಪಕ್ಕ ಇಟ್ಟ ಬೋರ್ಡಿನಲ್ಲಿ ಒಂದು ಬೇಸಿಗೆಗೇ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಈಗ ಸಾದಾ ಕಿತ್ತಳೆ ಇಟ್ಟು ಸುತ್ತಲಿನ ಬೂದನ್ನು ನೀಲಿ ಕಡೆಗೆ ತಿರುಗಿಸುತ್ತೇನೆ. ಸಾಕಷ್ಟು ಉರಿಯುತ್ತದೆ.

ಓಟ ತೋರಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಸಿಗ್ನಲ್ ಬಿಟ್ಟ ಮೊದಲ ಎರಡು ಸೆಕೆಂಡು, ಕಾರಿನ ಮೂಗು ಸ್ವಲ್ಪ ಮೇಲಕ್ಕೆ ಏಳುತ್ತದೆ, ಹಿಂಭಾಗ ಕೂರುತ್ತದೆ. ಬ್ರೇಕ್ ಹಾಕಿದಾಗ ತಿರುಗಾಮುರುಗಾ. ಇದೊಂದು ಸಣ್ಣ ಓರೆ ಸಾಕು, ನಿಂತ ಕಾರಿಗೂ ಹೊರಟ ಕಾರಿಗೂ ವ್ಯತ್ಯಾಸ ಬರುತ್ತದೆ. ಹಿಂದಿನ ಅಂಚನ್ನು ಒಣ ಬ್ರಷ್ಷಿನಲ್ಲಿ ಒರೆಸುವುದು ಎಲ್ಲರಿಗೂ ಗೊತ್ತು. ನಾನು ಒರೆಸುವುದು ಕಾರನ್ನಲ್ಲ, ಬೇರೆ ಇನ್ನೊಂದನ್ನು. ಅದೇನೆಂದು ಈಗ ಹೇಳುವುದಿಲ್ಲ, ಮುಂದಿನ ಪ್ರದರ್ಶನ ಮುಗಿಯಲಿ. ಚಿತ್ರ ನೋಡಿದರೆ ಕಣ್ಣಿರುವವರಿಗೆ ಗೊತ್ತಾಗುತ್ತದೆ.

ರಸ್ತೆ ಕೆಲಸಕ್ಕೂ ಇದೇ ಉಪಾಯ: ತಿರುಗಿ ಬರುವುದನ್ನು ಮಾತ್ರ ಬರೆಯಬೇಕು. ಜೆಸಿಬಿಯ ಕೈ ಅಗೆಯುತ್ತದೆ, ಎತ್ತುತ್ತದೆ, ತಿರುಗುತ್ತದೆ, ಲಾರಿಗೆ ಸುರಿಯುತ್ತದೆ, ವಾಪಸ್ ಬರುತ್ತದೆ. ಎಲ್ಲ ಸೇರಿ ಅರ್ಧ ನಿಮಿಷದೊಳಗೆ. ಈ ಐದರಲ್ಲಿ ಒಂದೇ ಭಂಗಿ ಆರಿಸಿಕೊಂಡು ಉಳಿದ ಹೊತ್ತು ಬ್ರಷ್ ಎತ್ತಿ ಕಾಯಬೇಕು. ಬಕೆಟ್ ತುಂಬಿ ಮೇಲೆ ಬಂದು ತಿರುಗುವ ಮೊದಲು ಒಂದು ಕ್ಷಣ ತಡೆಯುತ್ತದಲ್ಲ, ನಾನು ಯಾವಾಗಲೂ ಅದನ್ನೇ ಆರಿಸುವುದು. ಭಾರ ಅಲ್ಲಿ ಕಾಣುತ್ತದೆ. ರೋಲರ್ ಇನ್ನೂ ಸುಲಭ, ಅದೇ ಪಟ್ಟಿಯಲ್ಲಿ ಹೋಗುತ್ತದೆ ಬರುತ್ತದೆ. ಡಾಂಬರು ಹಾಸುವ ಪೇವರ್ ಅಂತೂ ನಿಮಿಷಕ್ಕೆ ಕೆಲವೇ ಮೀಟರ್, ನಮಗೆ ಪೋಸು ಕೊಡಲೆಂದೇ ಹುಟ್ಟಿದ್ದು.

ಆದರೆ ಬಿಸಿ ಡಾಂಬರು ಬಂದ ಮೇಲೆ ಯಾರೂ ನಿಮಗೋಸ್ಕರ ತಡೆಯುವುದಿಲ್ಲ. ಲಾರಿಯಿಂದ ಬೀಳುವಾಗ ಅದು ಸುಮಾರು 150 ಡಿಗ್ರಿ ಇರುತ್ತದೆ, ತಣ್ಣಗಾಗುವ ಮೊದಲೇ ರೋಲರ್ ಓಡಿ ಮುಗಿಸಬೇಕು. ಆ ಹೊಗೆ ನೋಡಿ. ಹಿಂದೆ ಗಾಢವಾದ ಕಟ್ಟಡ ಇದ್ದರೆ ಹೊಗೆ ನೀಲಿ ಕಾಣುತ್ತದೆ. ಅದೇ ಹೊಗೆ ಮೇಲೆ ಹೋಗಿ ಹೊಳೆಯುವ ಆಕಾಶದ ಮುಂದೆ ಬಂದರೆ ಕಂದು ಹಳದಿ. ಒಂದೇ ಹೊಗೆ, ಎರಡು ಬಣ್ಣ. ಬಹಳ ಸಣ್ಣ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚದುರಿಸುವುದರಿಂದ ಹೀಗೆ ಆಗುತ್ತದೆ. ಒಂದೇ ಬೂದು ಬಣ್ಣದಲ್ಲಿ ಹೊಗೆ ಬರೆದರೆ ಹತ್ತಿ ಅಂಟಿಸಿದಂತೆ ಕಾಣುವುದು ಇದೇ ಕಾರಣಕ್ಕೆ.

ಕೆಲಸಗಾರರೇ ನನ್ನ ಒಳ್ಳೆಯ ವಿಮರ್ಶಕರು. ರೋಲರ್ ಓಡಿಸುವವರೊಬ್ಬರು ಊಟದ ಹೊತ್ತಲ್ಲಿ ಬಂದು ನೋಡಿ, "ಸಾರ್, ಡ್ರಮ್ಮು ಒಣಗಿರಲ್ಲ. ನೀರು ಬಿಡ್ತಾನೇ ಇರ್ತೀವಿ, ಇಲ್ದಿದ್ರೆ ಡಾಂಬರು ಅಂಟ್ಕೊಳ್ಳುತ್ತೆ" ಎಂದರು. ಹೌದಲ್ಲ! ಒದ್ದೆ ಡ್ರಮ್ಮು ಅಂದರೆ ಅದರ ಮೇಲೆ ಆಕಾಶ ಇದೆ, ಚಾಲಕರ ಬೂಟಿದೆ, ಹಳದಿ ಬಾಡಿಯ ಒಂದು ಗೆರೆ ಇದೆ. ಅವತ್ತಿನಿಂದ ನನ್ನ ರೋಲರುಗಳಿಗೆ ಜೀವ ಬಂತು. ಮೇಸ್ತ್ರಿಗೆ, ಕಾವಲುಗಾರರಿಗೆ ಒಂದೊಂದು ಪೆನ್ಸಿಲ್ ಸ್ಕೆಚ್ ಕೊಟ್ಟುಬಿಡಿ. ಒಳಗೆ ಬಿಡುತ್ತಾರೆ, ನೆರಳಿನ ಜಾಗವೂ ಅವರೇ ತೋರಿಸುತ್ತಾರೆ. ಹೆಲ್ಮೆಟ್ ಹಾಕಿಕೊಳ್ಳಿ, ಬ್ಯಾರಿಕೇಡಿನ ಒಳಗೆ ಯಂತ್ರದ ಹಿಂಬದಿಯಲ್ಲಿ ಮಾತ್ರ ನಿಲ್ಲಬೇಡಿ, ಚಾಲಕರಿಗೆ ಅಲ್ಲಿ ಏನೂ ಕಾಣುವುದಿಲ್ಲ.

ಅಗೆದ ರಸ್ತೆ ಚಿತ್ರಕ್ಕೆ ವಸ್ತುವೇ ಅಲ್ಲ ಎನ್ನುವವರಿಗೆ ನಾನು ಮೂವರು ಚಿತ್ರಕಾರರ ಹೆಸರು ಹೇಳುತ್ತೇನೆ. ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬೀದಿ ಅಗೆಯುವವರನ್ನು 1852ರಲ್ಲಿ ಬರೆಯಲು ಶುರು ಮಾಡಿ 1865ರಲ್ಲಿ ಮುಗಿಸಿದರು. ಆ ಹೊತ್ತಿಗೆ ಹೊಂಡ ಎಂದೋ ಮುಚ್ಚಿರಬೇಕು. ಮಾನೆ 1878ರಲ್ಲಿ ತಮ್ಮ ಸ್ಟುಡಿಯೋ ಕಿಟಕಿಯಿಂದ ಕಾಣುತ್ತಿದ್ದ ಬೀದಿಗೆ ಕಲ್ಲು ಹಾಸುವವರನ್ನು ಬರೆದರು. ವ್ಯಾನ್ ಗೋ 1889ರಲ್ಲಿ ಫ್ರಾನ್ಸಿನ ಸಾಂ ರೆಮಿಯಲ್ಲಿ ದೊಡ್ಡ ಮರಗಳ ಕೆಳಗೆ ರಸ್ತೆ ರಿಪೇರಿ ನಡೆಯುತ್ತಿರುವುದನ್ನು ಬರೆದಾಗ ಕ್ಯಾನ್ವಾಸ್ ಖಾಲಿಯಾಗಿತ್ತು. ಸಣ್ಣ ಕೆಂಪು ವಿನ್ಯಾಸ ಇದ್ದ ಸಾದಾ ಬಟ್ಟೆಯ ಮೇಲೆಯೇ ಬರೆದುಬಿಟ್ಟರು. ಇನ್ನು ಫ್ರಾಂಕ್ ಔರ್‌ಬಾಕ್. ಯುದ್ಧದ ಬಾಂಬಿಗೆ ಬಿದ್ದ ಲಂಡನ್ನನ್ನು ಮತ್ತೆ ಕಟ್ಟುತ್ತಿದ್ದಾಗ, 1950ರ ದಶಕದಲ್ಲಿ, ಆ ಪಾಯದ ಗುಂಡಿಗಳನ್ನೇ ಮತ್ತೆ ಮತ್ತೆ ಬರೆದರು. ಕಂದು, ಓಕರ್, ಕಪ್ಪು, ಬಿಳಿ, ಬಣ್ಣ ಇಂಚುಗಟ್ಟಲೆ ದಪ್ಪ. ಮೂರು ಹೇಳುತ್ತೇನೆಂದು ನಾಲ್ಕು ಹೇಳಿದೆ, ಇರಲಿ. ಔರ್‌ಬಾಕ್ ಆ ಬಣ್ಣಗಳನ್ನು ಹಿಡಿದದ್ದಕ್ಕೆ ಮಣ್ಣಿನ ಬಣ್ಣಗಳು ಅಗ್ಗ ಎನ್ನುವುದೂ ಒಂದು ಕಾರಣ ಅಂತೆ, ಅದು ನನಗೆ ಬಹಳ ಹತ್ತಿರದ ಕಾರಣ.

ಔರ್‌ಬಾಕ್ ನೋಡಿಯೇ ನನಗೆ ಮಣ್ಣಿನ ಹುಚ್ಚು ಹಿಡಿದದ್ದು. ಮಣ್ಣಿನ ಬಣ್ಣ ಅಂಗಡಿಯಿಂದ ಯಾಕೆ ತರಬೇಕು, ಎದುರಿಗೇ ಗುಂಡಿ ಇದೆಯಲ್ಲ? ಮೊದಲು ರಸ್ತೆ ಮೇಲಿನ ಧೂಳು ಗುಡಿಸಿ ತಂದೆ. ಪೂರಾ ವ್ಯರ್ಥ. ಅದರಲ್ಲಿ ಇಂಜಿನ್ ಎಣ್ಣೆ, ಟೈರಿನ ರಬ್ಬರ್ ಚೂರು, ಎಲ್ಲ ಇರುತ್ತದೆ. ಅಗಸೆ ಎಣ್ಣೆಯಲ್ಲಿ ಅರೆದರೆ ತಿಂಗಳಾದರೂ ಒಣಗಲಿಲ್ಲ, ಮುಟ್ಟಿದರೆ ಬೆರಳಿಗೆ ಬರುತ್ತಿತ್ತು. ಆಮೇಲೆ ಗುಂಡಿಯ ಆಳದ ಮಣ್ಣು ತಂದೆ, ಯಾವ ಟೈರೂ ಮುಟ್ಟದ್ದು. ಬಕೆಟಿನಲ್ಲಿ ಕಲಕಿ, ಮರಳು ಕೆಳಗೆ ಕೂತ ಮೇಲೆ ಮೇಲಿನ ಕೆಸರು ನೀರನ್ನು ಇನ್ನೊಂದಕ್ಕೆ ಬಸಿದು, ಹೀಗೆ ಮೂರು ನಾಲ್ಕು ಸಲ. ಕೊನೆಯಲ್ಲಿ ತಳದಲ್ಲಿ ಉಳಿಯುವ ನುಣುಪು ಮಣ್ಣನ್ನು ಒಣಗಿಸಿ, ಗಾಜಿನ ಹಲಗೆ ಮೇಲೆ ಎಣ್ಣೆ ಹಾಕಿ ಅರೆಯುವುದು. ಎರಡು ಬಕೆಟಿಗೆ ಒಂದು ದೊಡ್ಡ ಟ್ಯೂಬಿನಷ್ಟು ಬಂತು. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಹುಚ್ಚುತನ, ಓಕರ್ ಟ್ಯೂಬು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಲಿನಲ್ಲೇ ಇರುತ್ತದೆ. ಆದರೆ ಆ ರಸ್ತೆಯ ಚಿತ್ರದಲ್ಲಿ ಆ ರಸ್ತೆಯದೇ ಮಣ್ಣು ಎಂದು ಹೇಳಿದಾಗ ಕೊಳ್ಳುವವರ ಮುಖ ನೋಡಬೇಕು! ಎಣ್ಣೆಯ ಜೊತೆ ಇನ್ನೊಂದು ವಸ್ತು ಸೇರಿಸುತ್ತೇನೆ, ಇಲ್ಲದಿದ್ದರೆ ಮಣ್ಣು ಎಣ್ಣೆ ಕುಡಿದು ಮಂಕಾಗುತ್ತದೆ. ಅದರ ಪ್ರಮಾಣ ನನ್ನ ಹತ್ತಿರವೇ ಇರಲಿ. ಒಂದು ವಿಷಯ ಮಾತ್ರ ಮುಚ್ಚಿಡುವುದಿಲ್ಲ: ಒಣ ಪುಡಿ ಅರೆಯುವಾಗ ಒಳ್ಳೆಯ ಮಾಸ್ಕ್ ಹಾಕಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಹಾಗಾದರೆ ಡಾಂಬರನ್ನೇ ಹಚ್ಚಿದರೆ? ಬೇಡ. ಡಾಂಬರಿನ ಕಪ್ಪು ಅಂಟಾದ ಬಿಟುಮೆನ್ ಅನ್ನು ಹದಿನೆಂಟು, ಹತ್ತೊಂಬತ್ತನೇ ಶತಮಾನದ ಕಲಾವಿದರು ಸುಂದರ ಕಂದು ಬಣ್ಣವಾಗಿ ಬಳಸಿದ್ದರು. ಅದು ಎಂದಿಗೂ ಪೂರ್ತಿ ಒಣಗುವುದಿಲ್ಲ. ಮೇಲಿನ ಪದರ ಒಣಗಿ ಕೆಳಗಿನದು ಜಾರಿ, ಮೊಸಳೆ ಚರ್ಮದ ಹಾಗೆ ಬಿರುಕು ಬಿಡುತ್ತದೆ. ಇಂಗ್ಲೆಂಡಿನ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಅವರ ಎಷ್ಟೋ ಚಿತ್ರಗಳು ಇದರಿಂದಲೇ ಹಾಳಾದವು. ಇದೆಲ್ಲ ಓದಿಯೂ ನಾನು ಒಂದು ಬೋರ್ಡಿಗೆ ಹಚ್ಚಿ ನೋಡಿದೆ, ನೋಡದೆ ಇರಲು ಆಗುತ್ತದಾ? ಆ ಬೋರ್ಡು ಈಗಲೂ ಪ್ರತಿ ಬೇಸಿಗೆಗೆ ಅಂಟಂಟಾಗುತ್ತದೆ. ಮನೆಗೆ ಬಂದವರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ಇನ್ನೊಂದು ಆಟ ಫಲ ಕೊಟ್ಟಿತು. ರಸ್ತೆಯ ಬಿಳಿ ಪಟ್ಟಿಯಲ್ಲಿ ಸಣ್ಣ ಗಾಜಿನ ಮಣಿಗಳು ಇರುತ್ತವೆ, ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತವೆ. ಅದಕ್ಕೇ ಹೆಡ್‌ಲೈಟಿಗೆ ಪಟ್ಟಿ ಅಷ್ಟು ಹೊಳೆಯುವುದು. ಆ ಮಣಿಗಳನ್ನು ಸ್ವಲ್ಪ ಸಂಪಾದಿಸಿ ಹಸಿ ಬಿಳಿ ಬಣ್ಣದ ಮೇಲೆ ಉದುರಿಸಿದೆ. ಗೋಡೆಗೆ ಹಾಕಿ ಸೀಲಿಂಗ್ ದೀಪ ಹಾಕಿದರೆ ಏನೂ ಇಲ್ಲ, ಮಂಕು ಬೂದು. ಆದರೆ ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನೋಡಿದರೆ ಪಟ್ಟಿಗಳೆಲ್ಲ ಧಗ್ ಎಂದು ಹೊತ್ತಿಕೊಳ್ಳುತ್ತವೆ. ಪ್ರದರ್ಶನದಲ್ಲಿ ಮಕ್ಕಳು ಆ ಚಿತ್ರದ ಮುಂದಿಂದ ಕದಲಲಿಲ್ಲ. ಇದು ಕಲೆಯಾ ಗಿಮಿಕ್ಕಾ ಎಂದು ಕೇಳಿದವರಿದ್ದಾರೆ. ಮಾರಾಟವಾಯಿತು, ಅಷ್ಟು ಹೇಳಬಲ್ಲೆ.

ಕಾರಿನ ಒಳಗೆ ಕೂತು ಬರೆಯುವುದನ್ನೂ ನೋಡಿಬಿಡೋಣ ಎಂದು ಗೆಳೆಯರ ಹಳೇ ಕಾರಿನಲ್ಲಿ ರಸ್ತೆ ಬದಿ ನಿಲ್ಲಿಸಿ ಕೂತೆ. ಫ್ರಾನ್ಸಿನ ಚಿತ್ರಕಾರ ಮಾತಿಸ್ 1917ರಲ್ಲೇ ಕಾರಿನ ಮುಂದಿನ ಗಾಜಿನ ಮೂಲಕ ಕಾಣುವ ರಸ್ತೆಯನ್ನು ಒಳಗೆ ಕೂತು ಬರೆದಿದ್ದರು. ಎಣ್ಣೆ ಬಣ್ಣ ತೆಳು ಮಾಡುವ ಟರ್ಪಂಟೈನ್ ಬಾಟಲಿ ತೆರೆದ ಹತ್ತು ನಿಮಿಷಕ್ಕೆ ತಲೆ ತಿರುಗಿತು, ಕಿಟಕಿ ತೆರೆದರೆ ಧೂಳು. ನೀರಿನಲ್ಲಿ ಕಲಸುವ ಗುವಾಶ್ ಬಣ್ಣಕ್ಕೆ ಬದಲಾಯಿಸಿದ ಮೇಲೆ ಸರಿಹೋಯಿತು. ತೊಡೆ ಮೇಲೆ ಹಿಡಿಯುವಷ್ಟು ಚಿಕ್ಕ ಕಾಗದ, ಒಂದು ನೀರಿನ ಡಬ್ಬಿ. ಒಳಗಿಂದ ನೋಡಿದರೆ ನಗರ ಬೇರೆಯೇ. ಸೈಡ್ ಮಿರರ್‌ನಲ್ಲಿ ಒಂದು ರಸ್ತೆ, ಗಾಜಿನಲ್ಲಿ ಒಂದು ರಸ್ತೆ, ಎರಡೂ ಒಂದೇ ಚಿತ್ರದಲ್ಲಿ. ಆದರೆ ಹೊರಗಿನ ಶಬ್ದ ಇಲ್ಲದೆ ನನ್ನ ಕೈ ಸೋಮಾರಿಯಾಗುತ್ತದೆ. ಬಿಟ್ಟೆ.

ರಾತ್ರಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕತ್ತಲಾಗುತ್ತಾ ಬಂದ ಹಾಗೆ ಕಣ್ಣಿಗೆ ಕೆಂಪು ಕಪ್ಪಾಗುತ್ತದೆ, ನೀಲಿ ಮುಂದೆ ಬರುತ್ತದೆ. ಪ್ಯಾಲೆಟ್ ಮೇಲಿನ ಬಣ್ಣ ಸುಳ್ಳು ಹೇಳಲು ಶುರು ಮಾಡುತ್ತದೆ. ಹಳೆಯ ಕಾಲದ ಅಪ್ಪಟ ಹಳದಿ ಸೋಡಿಯಂ ದೀಪದ ಕೆಳಗೆ ಅಂತೂ ಬಣ್ಣವೇ ಇಲ್ಲ, ಎಲ್ಲ ಹಳದಿಯ ಛಾಯೆ. ಟ್ಯೂಬುಗಳನ್ನು ಪ್ಯಾಲೆಟ್ ಮೇಲೆ ಒಂದೇ ಕ್ರಮದಲ್ಲಿ ಇಡುವ ಅಭ್ಯಾಸ ಇದ್ದರೆ ಕೈಗೆ ಗೊತ್ತಿರುತ್ತದೆ. ಪ್ಯಾಲೆಟ್ಟಿಗೂ ಬೋರ್ಡಿಗೂ ಒಂದೇ ಬಿಳಿ ದೀಪ ಕ್ಲಿಪ್ ಮಾಡಿ, ತುಂಬಾ ಜೋರು ಬೇಡ. ದೀಪ ಜೋರಾದರೆ ನೀವು ಎಲ್ಲವನ್ನೂ ಗಾಢ ಮಾಡಿಬಿಡುತ್ತೀರಿ, ಬೆಳಗ್ಗೆ ನೋಡಿದರೆ ಕಲ್ಲಿದ್ದಲು. ಒದ್ದೆ ರಸ್ತೆಯಲ್ಲಿ ಬ್ರೇಕ್ ಲೈಟಿನ ಪ್ರತಿಬಿಂಬ ನಿಮ್ಮ ಕಡೆಗೇ ಉದ್ದಕ್ಕೆ ಇಳಿಯುತ್ತದೆ, ಅಡ್ಡಕ್ಕೆ ಹರಡುವುದು ಬಹಳ ಕಡಿಮೆ. ಬಣ್ಣ ಹಚ್ಚುವ ನೈಫಿನಲ್ಲಿ ಒಂದೇ ಎಳೆತ. ಎರಡನೇ ಸಲ ಮುಟ್ಟಿದರೆ ಕೆಸರು.

ದುಡ್ಡಿನ ವಿಷಯ. ಮೊದಲ ಪ್ರದರ್ಶನ ಒಂದು ಬಾಡಿಗೆ ಹಾಲಿನಲ್ಲಿ. ಒಂದು ಗ್ಯಾಲರಿಯವರು ಮೊದಲು ಹೂಂ ಎಂದು ಆಮೇಲೆ "ಇದರಲ್ಲಿ ಮರಗಳೇ ಇಲ್ಲವಲ್ಲ" ಎಂದು ಕೈ ಎತ್ತಿದ್ದರು. ಸುಮಾರು ಇಪ್ಪತ್ತು ಚಿತ್ರ ಹಾಕಿದೆ, ನಾಲ್ಕು ಹೋದವು. ಹಾಲ್ ಬಾಡಿಗೆ, ಫ್ರೇಮು ಕಳೆದು ನೋಡಿದರೆ ಬಣ್ಣದ ಖರ್ಚಿನ ಅರ್ಧ ಕೂಡ ಬರಲಿಲ್ಲ. ಫ್ರೇಮ್ ಖರ್ಚು ಚಿತ್ರದ ಖರ್ಚಿನ ಎರಡು ಪಟ್ಟಿತ್ತು! ಎರಡನೇ ಸಲ ಫ್ರೇಮ್ ಕೈಬಿಟ್ಟೆ. ಬೋರ್ಡಿನ ಹಿಂದೆ ಮರದ ಪಟ್ಟಿ ಹೊಡೆದು, ಅಂಚಿಗೆ ಡಾಂಬರಿನ ಬೂದು ಬಳಿದು, ಹಾಗೇ ನೇತುಹಾಕಿದೆ. ಚಿತ್ರಕ್ಕೂ ಅದೇ ಸರಿಹೊಂದಿತು.

ಕೊಂಡವರು ಯಾರು ಗೊತ್ತಾ? ಕಲಾ ಸಂಗ್ರಹಕಾರರಲ್ಲ. ಮೊದಲ ರೋಲರ್ ಚಿತ್ರ ಕೊಂಡದ್ದು ಒಬ್ಬ ಸಿವಿಲ್ ಇಂಜಿನಿಯರ್. ಆಮೇಲೆ ಅವರ ಕಡೆಯವರು ಇಬ್ಬರು. ಇನ್ನು ಕೆಲವನ್ನು ಕೊಂಡದ್ದು ಆ ರಸ್ತೆಯಲ್ಲೇ ವಾಸ ಇರುವವರು. ತಿಂಗಳುಗಟ್ಟಲೆ ಧೂಳು ಕುಡಿದು ಬೈದವರೇ, ಕೆಲಸ ಮುಗಿದ ಮೇಲೆ ಆ ಗುಂಡಿಯ ಚಿತ್ರ ಬೇಕು ಎಂದು ಬಂದರು. ರಸ್ತೆ ಮುಗಿದ ಮೇಲಿನ ಚಿತ್ರವನ್ನು ಯಾರೂ ಕೇಳಲಿಲ್ಲ, ಒಂದೂ ಹೋಗಲಿಲ್ಲ. ಅದಕ್ಕೆ ಈಗ ಮುಗಿದ ರಸ್ತೆ ಬರೆಯುವುದನ್ನೇ ನಿಲ್ಲಿಸಿದ್ದೇನೆ. ಎರಡನೇ ಪ್ರದರ್ಶನದಲ್ಲಿ ಹಾಕಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದವು, ಒಂದು ವರ್ಷದ ಬಣ್ಣ ಬೋರ್ಡಿನ ಖರ್ಚು ಬಂದು ಮೇಲೆ ಒಂದಿಷ್ಟು ಉಳಿಯಿತು.

ಬೋರ್ಡಿನ ಅಳತೆ ಕೇಳುವವರಿಗೆ: ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ದೊಡ್ಡದು ಬೀದಿಗೆ ತರಬೇಡಿ, ಲಾರಿ ಹೋದ ಗಾಳಿಗೆ ಈಸಲ್ ಸಮೇತ ಹಾರುತ್ತದೆ. ಈಸಲ್ ಕಾಲಿಗೆ ಜಲ್ಲಿ ತುಂಬಿದ ಚೀಲ ಕಟ್ಟಿ, ಜಲ್ಲಿ ಅಲ್ಲೇ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಪಾದಚಾರಿ ಮೇಲ್ಸೇತುವೆ ಮೇಲೆ ನಿಲ್ಲುವ ಆಸೆ ಎಲ್ಲರಿಗೂ ಬರುತ್ತದೆ, ನೋಟ ಚೆನ್ನಾಗಿದೆ, ಆದರೆ ಜನ ನಡೆದಾಗಲೆಲ್ಲ ಅಲ್ಲಾಡುತ್ತದೆ, ಮೇಲಿಂದ ನೋಡಿದರೆ ಕಾರಿನ ಕೆಳಗಿನ ನೆರಳೂ ಸಿಗುವುದಿಲ್ಲ. ಸಿಗ್ನಲ್ ಕಂಬದಿಂದ ಹತ್ತು ಹೆಜ್ಜೆ ಹಿಂದೆ, ಫುಟ್‌ಪಾತಿನ ಒಳ ಅಂಚಿಗೆ, ಬೆನ್ನಿಗೆ ಗೋಡೆ ಇರುವ ಜಾಗ ಹುಡುಕಿ. ಹೊಸ ಜಂಕ್ಷನ್ನಿನಲ್ಲಿ ಮೊದಲ ದಿನ ಬಣ್ಣ ತೆಗೆಯಲೇಬೇಡಿ, ಕೆಂಪು ಎಷ್ಟು ಹೊತ್ತು, ಹಸಿರು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ಬರೆದುಕೊಂಡು ಬನ್ನಿ.